ದೀಪ ಒತ್ತಲು ಹೇಳಿಕೊಟ್ಟವಳು

ಮುಬೀನಾಗೆ ದೀಪ ಒತ್ತಲು ಹೇಳಿಕೊಟ್ಟವಳು ನಾನು, ಕಸ್ತೂರಿ ಅಕ್ಕೋರೆ. ಅವಳು ತಾನಾಗಿ ಹುಡುಕಿಕೊಂಡದ್ದಲ್ಲ. ಸವಣೂರಿನ ನಿಮ್ಮ ಶಾಲೆಯ ಕಟ್ಟೆಯ ಮೇಲೆ ನೀವು ನನ್ನನ್ನು ನೇರವಾಗಿ ಕೇಳಿದಿರಿ. ನಾನು ನೇರವಾಗಿಯೇ ಸುಳ್ಳು ಹೇಳಿದೆ. ಆ ಸುಳ್ಳಿನ ಮೇಲೆ ನನ್ನ ಡಾಕ್ಟರೇಟ್ ನಿಂತಿದೆ, ನೌಕರಿ ನಿಂತಿದೆ — ನಿಜಕ್ಕೂ ಅದರ ಮೇಲೇ ನಿಂತಿದೆಯೇ? ಅದೂ ನನಗೆ ಖಚಿತವಿಲ್ಲ.

ನಿಮಗೊಬ್ಬರಿಗೇ ಹೇಳಿ ಮುಗಿಸಬಹುದಿತ್ತು. ಆದರೆ ಸುಳ್ಳನ್ನು ನಾಲ್ಕು ಜನರ ಮುಂದೆ ಹೇಳಿಕೊಂಡು ತಿರುಗಿದವಳು, ನಿಜವನ್ನು ಮಾತ್ರ ಕಿವಿಯಲ್ಲಿ ಹೇಳುವುದು ಯಾವ ನ್ಯಾಯ? ಅದಕ್ಕೇ ಇದನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಹುಡುಗಿಯ ಹೆಸರನ್ನು ಬದಲಿಸಿದ್ದೇನೆ. ಯಾರೆಂದು ನಿಮಗೆ ಗೊತ್ತಾಗುತ್ತದೆ.

ಆಗ ನಾನು ಮಕ್ಕಳಿಗೆ ಗಣಿತ ಹೇಳಿಕೊಡುವ ಟ್ಯಾಬ್ ಪಾಠಗಳ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಹಿರೇಕೆರೂರಿನ ಹುಡುಗಿ ನಾನು, ಹಾನಗಲ್ಲಿನ ಕಾಲೇಜಿನಲ್ಲಿದ್ದಾಗ ಚರ್ಚಾಸ್ಪರ್ಧೆಗಳಲ್ಲಿ ಮೆರೆದವಳು. ಚೀಟಿಯಲ್ಲಿ ‘ಪರ’ ಬಂದರೆ ಪರ, ‘ವಿರೋಧ’ ಬಂದರೆ ವಿರೋಧ — ಎರಡೂ ಕಡೆ ಗೆಲ್ಲುತ್ತಿದ್ದೆ. ಸಾಕ್ಷಿಯಿಲ್ಲದೆ ದೇವರನ್ನೂ ನಂಬುವವಳಲ್ಲ ಎಂದು ಹೇಳಿಕೊಳ್ಳುವುದು ನನಗೊಂದು ಚಟವಾಗಿತ್ತು. ಆ ಟ್ಯಾಬ್, ಮಗು ಎಲ್ಲಿ ತಪ್ಪುತ್ತಿದೆ ಎಂದು ಗಮನಿಸಿ ಮುಂದಿನ ಲೆಕ್ಕವನ್ನು ತಾನೇ ಆರಿಸಿ ಕೊಡುತ್ತಿತ್ತು. ಪರದೆಯ ಬಲಗಡೆ ಮೇಲ್ಮೂಲೆಯಲ್ಲಿ ಒಂದು ದೀಪದ ಚಿತ್ರ. ಒಮ್ಮೆ ಒತ್ತಿದರೆ ಸಣ್ಣ ಸುಳಿವು, ಮತ್ತೆ ಒತ್ತಿದರೆ ದೊಡ್ಡ ಸುಳಿವು, ಮೂರನೆಯ ಸಲ ಉತ್ತರವೇ. ಒಂದು ಸುಳಿವಿಗೂ ಇನ್ನೊಂದಕ್ಕೂ ನಡುವೆ ಮಗು ಯೋಚಿಸುತ್ತದೆ ಎಂಬುದು ನಮ್ಮ ನಂಬಿಕೆ.

ಶಾಲೆ ಬಿಟ್ಟ ಮೇಲೆ ಒಂದು ಕೋಣೆಯಲ್ಲಿ ನನ್ನ ಟ್ಯಾಬುಗಳು, ಪಕ್ಕದ ಕೋಣೆಯಲ್ಲಿ ನಿಮ್ಮ ಸಂಜೆಯ ಪಾಠ. ಪಾಠ ಅನ್ನುವುದಕ್ಕಿಂತ ಜಗಳ ಅನ್ನಬೇಕು. ಗೋಡೆಯಾಚೆಯಿಂದ ನಿಮ್ಮ ದನಿ ನನ್ನ ಕೋಣೆಗೂ ಬರುತ್ತಿತ್ತು:

“ಮೂರರಾಗ ಎರಡು ಪಾಲು ದೊಡ್ಡದೋ, ಐದರಾಗ ಮೂರು ಪಾಲು ದೊಡ್ಡದೋ? ಏ, ಉತ್ತರ ಬ್ಯಾಡ ನನಗ. ಯಾಕ ಅನ್ನೂದು ಹೇಳ್ರಿ. ಯಾಕ ಅಂತ ಹೇಳಾಕ ಬರದ ಉತ್ತರ ಕದ್ದ ಉತ್ತರ!”

ಎಲ್ಲರಿಗಿಂತ ಜೋರು ದನಿ ಮುಬೀನಾಳದು. ಅವಳ ಅಪ್ಪ ವೀಳ್ಯದೆಲೆಯ ವ್ಯಾಪಾರಿ. “ಅಕ್ಕೋರ, ನಮ್ಮ ಅಬ್ಬಾ ಎಲಿ ಹಿಂಗ ಹಂಚಂಗಿಲ್ರಿ,” ಅನ್ನುತ್ತಿದ್ದಳು. “ಹಂಗಾರ ನಿಮ್ಮ ಅಬ್ಬಾನ್ನೂ ಕರಕೊಂಡು ಬಾ, ನಿನ್ನ ಮಗ್ಗಲಕ ಕುಂದ್ರಸ್ತೇನಿ,” ಅನ್ನುತ್ತಿದ್ದಿರಿ ನೀವು. ಕೋಣೆ ನಗುತ್ತಿತ್ತು. ಅವಳು ಕೆಲವು ದಿನ ನಿಮ್ಮಲ್ಲಿ, ಕೆಲವು ದಿನ ನನ್ನಲ್ಲಿ ಕೂರುತ್ತಿದ್ದಳು. ನನ್ನ ಕೋಣೆಯಲ್ಲಿ ಜಗಳಕ್ಕೆ ಯಾರೂ ಸಿಗದೆ ಟ್ಯಾಬಿನ ಜೊತೆಗೇ ಗೊಣಗುತ್ತಿದ್ದಳು.

ಯೋಜನೆಗೆ ಹಣ ಕೊಟ್ಟವರು ನೋಡಲು ಬರುವ ದಿನ ಮಕ್ಕಳೆಲ್ಲ ಭಿನ್ನರಾಶಿಯಲ್ಲಿ ಸಿಕ್ಕಿಹಾಕಿಕೊಂಡು ಕುಳಿತಿದ್ದರು. ಪ್ರತಿ ಪರದೆಯ ಮೇಲೂ ಕೆಂಪು ಗುರುತು. ಹೊರಗೆ ಆಗಲೇ ಜೀಪಿನ ಸದ್ದು. ನಾನು ಮಕ್ಕಳ ನಡುವೆ ಕುಕ್ಕರಗಾಲಲ್ಲಿ ಕುಳಿತು ಹೇಳಿದೆ:

“ತಿಳೀಲಿಲ್ಲಂದ್ರ ದೀಪಾ ಒತ್ರಿ. ಒತ್ತಿ, ಒತ್ತಿ, ಒತ್ತಿ, ಮುಂದ ಹೋಗ್ರಿ. ವಿಚಾರ ಮಾಡಕೋತ ಕುಂದ್ರಾಕ ಇವತ್ತ ಟೈಮ್ ಇಲ್ಲ.”

ಮುಬೀನಾ ತಲೆ ಎತ್ತಿದಳು. “ಅಕ್ಕಾ, ಅದು ಉತ್ತರಾನ ಹೇಳಿಬಿಡ್ತೈತಲ್ರಿ?”

“ಹೇಳಲಿ ಬಿಡು.”

ಪರದೆಗಳು ಒಂದೊಂದಾಗಿ ಹಸಿರಾದವು. ಬಂದವರು ಚಪ್ಪಾಳೆ ತಟ್ಟಿ ಹೋದರು.

ಅದಾದ ಕೆಲವೇ ದಿನಗಳಲ್ಲಿ ನಿಮ್ಮ ಪಾಠದಲ್ಲಿ ಮುಬೀನಾ ಹಲಗೆಯ ಮುಂದೆ ನಿಂತು, ಲೆಕ್ಕದ ನಡುವೆ ತಡವರಿಸಿ, ತುದಿಗಾಲಲ್ಲಿ ನಿಗುರಿ — ಹಲಗೆಯ ಬಲ ಮೇಲ್ಮೂಲೆಯನ್ನು ಬೆರಳಿನಿಂದ ಮೂರು ಸಲ ಒತ್ತಿದಳು. ತಮಾಷೆಗೋ, ಬೆರಳಿನ ರೂಢಿಗೋ ಗೊತ್ತಿಲ್ಲ. ಮಕ್ಕಳು ನಕ್ಕರು. ನೀವು ನಗಲಿಲ್ಲ. ನನ್ನನ್ನು ಕಟ್ಟೆಗೆ ಕರೆದು ಕೇಳಿದಿರಿ:

“ತಂಗೀ, ಖರೇ ಹೇಳು. ಇದನ್ನ ಅಕಿಗೆ ಯಾರರ ಕಲಿಸ್ಯಾರೋ, ತಾನ ಕಲ್ತಾಳೋ? ಕಲಿಸಿದ್ರ ಹುಡುಗೀದ ತಪ್ಪಲ್ಲ. ತಾನ ಕಲ್ತಿದ್ರ ಮಾತ್ರ ನಾ ಬಿಡಂಗಿಲ್ಲ.”

“ತಾನ ಹುಡುಕ್ಕೊಂಡಾಳ್ರಿ ಅಕ್ಕೋರ.”

ಅಷ್ಟೇ. ಯಾಕೆ ಹಾಗೆ ಹೇಳಿದೆ ಎಂದು ಇಷ್ಟು ವರ್ಷ ಹುಡುಕಿದ್ದೇನೆ. ಹೆದರಿಕೆಯೇ? ನೀವು ನನ್ನನ್ನು ಏನು ಮಾಡುತ್ತಿದ್ದಿರಿ — ಎರಡು ಮಾತು ಬೈದು ಚಹಾ ಕುಡಿಸುತ್ತಿದ್ದಿರಿ. ಯಾರಾದರೂ ಎದುರು ನಿಂತು ಪ್ರಶ್ನೆ ಕೇಳಿದರೆ ಮೊದಲು ಗೆಲ್ಲಬೇಕು, ನಿಜವೇನೆಂದು ಆಮೇಲೆ ನೋಡಿದರಾಯಿತು ಎಂಬ ಅಭ್ಯಾಸ ನಾಲಿಗೆಗೆ ಆಗಿಬಿಟ್ಟಿತ್ತೋ ಏನೋ. ಇದನ್ನು ಬರೆಯುವಾಗಲೂ, ಇದು ಕಾರಣವೋ ಅಥವಾ ಇನ್ನೊಂದು ವಾದವೋ ನನಗೆ ತಿಳಿಯುತ್ತಿಲ್ಲ.

ನೀವು ಒಳಗೆ ಹೋದಿರಿ. ನಾನು ಬಾಗಿಲಲ್ಲಿ ನಿಂತೆ.

“ಮುಬೀನಾ, ಕದ್ದ ಉತ್ತರಾ ತಗೊಂಡು ನನ್ನ ಮುಂದ ನಿಲ್ಲಬ್ಯಾಡ. ನಾಳಿಂದ ಆ ಖೋಲ್ಯಾಗ ಕುಂದ್ರು, ನಿನ್ನ ದೀಪದ ಹಂತೇಕ.”

ಅವಳು ನನ್ನ ಕಡೆ ನೋಡಿದಳು. ‘ಅಕ್ಕ ಹೇಳಿಕೊಟ್ಟಳು’ ಎಂದು ಈಗ ಹೇಳುತ್ತಾಳೆ ಅಂದುಕೊಂಡೆ. ಅವಳು ಹೇಳಲಿಲ್ಲ. ನಾನೇ ಹೇಳುತ್ತೇನೆಂದು ಕಾಯುತ್ತಿದ್ದಳು ಎಂದು ನನಗೆ ಹೊಳೆದದ್ದು ಬಹಳ ತಡವಾಗಿ. ಅಥವಾ ಆಗಲೇ ಹೊಳೆದಿತ್ತೇ — ಹೊಳೆದೂ ಸುಮ್ಮನಿದ್ದೆನೇ?

ಮರುದಿನದಿಂದ ಅವಳು ನನ್ನ ಕೋಣೆಯಲ್ಲೇ ಕುಳಿತಳು. ಗೊಣಗುವುದನ್ನು ಬಿಟ್ಟಳು. ದೀಪ ಒತ್ತಿದಳು, ಮುಂದೆ ಹೋದಳು, ಒತ್ತಿದಳು. ನಾನು ಹಿಂದೆ ಕುಳಿತು ಅದನ್ನೆಲ್ಲ ಗಮನಿಸಿದೆ, ಬರೆದುಕೊಂಡೆ. ನಾಚಿಕೆಯ ಮಾತೆಂದರೆ, ಖುಷಿಪಟ್ಟೆ. ನನ್ನ ಸಂಶೋಧನೆಗೆ ಒಂದು ವಿಷಯ ಸಿಕ್ಕಿತ್ತು. ನಿಮ್ಮ ಮುಂದೆ ಬಾಯಿಗೆ ಬಂದ ಸುಳ್ಳನ್ನೇ ಸ್ವಲ್ಪ ತೊಳೆದು ಪ್ರಬಂಧದಲ್ಲಿ ಹೀಗೆ ಬರೆದೆ: ಮಕ್ಕಳು ಯಾರೂ ಹೇಳಿಕೊಡದೆಯೇ ಯೋಚನೆಯನ್ನು ತಪ್ಪಿಸಿಕೊಳ್ಳುವ ದಾರಿ ಕಂಡುಕೊಳ್ಳುತ್ತಾರೆ. ಮೌಖಿಕ ಪರೀಕ್ಷೆಯಲ್ಲಿ ಒಬ್ಬ ಹಿರಿಯರು ನಿಮ್ಮ ಪ್ರಶ್ನೆಯನ್ನೇ ಕೇಳಿದರು. “ಮೊದಲ ಮಗುವಿಗೆ ಇದನ್ನು ಯಾರಾದರೂ ತೋರಿಸಿರಬಹುದಲ್ಲ?”

“ತೋರಿಸಿದ್ದಾರೆ ಅನ್ನೋದಕ್ಕೆ ಸಾಕ್ಷಿ ಏನು ಸರ್?” ಅಂದೆ.

ಅವರು ನಕ್ಕು ಬಿಟ್ಟುಕೊಟ್ಟರು. ಸಾಕ್ಷಿ ಅವರ ಎದುರಿಗೇ ಕುಳಿತಿತ್ತು.

ಈಗ ಹೊಸ ಪಾಠಗಳಲ್ಲಿ ದೀಪಕ್ಕೆ ಬೀಗ. ಮಗು ಎಷ್ಟೋ ಸಲ ತಪ್ಪಿದ ಮೇಲೆಯೇ ಅದು ತೆರೆಯುತ್ತದೆ. ಹಾಗೆ ಮಾಡಿಸಿದವರು ನನ್ನ ಮಾತನ್ನೇ ಆಧಾರವಾಗಿ ತೋರಿಸುತ್ತಾರೆ. ಹಾನಗಲ್ಲಿನ ಒಂದು ಶಾಲೆಯಲ್ಲಿ ಒಬ್ಬ ಹುಡುಗಿ ಮುಚ್ಚಿದ ದೀಪದ ಮುಂದೆ, ಯಾರನ್ನೂ ಕೇಳದೆ, ಕೈ ಕಟ್ಟಿ ಕುಳಿತದ್ದನ್ನು ನೋಡಿ ಬಂದೆ. ಆದರೆ ಅಕ್ಕೋರೆ, ಬೀಗ ಹಾಕುವ ಮುಂಚೆ ಇದೇ ಹಾನಗಲ್ಲಿನಲ್ಲಿ, ಹಿರೇಕೆರೂರಿನಲ್ಲಿ, ಮಕ್ಕಳು ದೀಪ ಒತ್ತಿ ಒತ್ತಿ ಮುಂದೆ ಹೋಗುವುದನ್ನೂ ಕಂಡಿದ್ದೇನೆ. ಅಲ್ಲಿ ನಾನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಹಾಗಾದರೆ ನಾನು ಬರೆದದ್ದು ನಿಜವೇ ಆಯಿತಲ್ಲ? ಅಥವಾ ಅಲ್ಲಿಯೂ ನನ್ನಂಥವಳೊಬ್ಬಳು ಜೀಪಿನ ಸದ್ದು ಕೇಳಿ ಕುಕ್ಕರಗಾಲಲ್ಲಿ ಕುಳಿತಿದ್ದಳೇ? ಎರಡೂ ಕಡೆ ಮಾತಾಡಬಲ್ಲೆ. ಎರಡೂ ಕಡೆ ಗೆಲ್ಲಬಲ್ಲೆ. ಯಾವುದು ಸರಿ ಎಂದು ಮಾತ್ರ ಹೇಳಲಾರೆ. ಸವಣೂರಿನ ಆ ಕೋಣೆಯಲ್ಲಿ ಏನಾಯಿತು ಎಂಬುದೊಂದು ಗೊತ್ತು. ಅದನ್ನೇ ಅಡಗಿಸಿಟ್ಟಿದ್ದೆ.

ಕಳೆದ ತಿಂಗಳು ಶಿಗ್ಗಾವಿಯಲ್ಲಿ ಶಿಕ್ಷಕರ ತರಬೇತಿಗೆ ನಾನು ಇದೇ ಪ್ರಬಂಧದ ಬಗ್ಗೆ ಮಾತಾಡಲು ಬಂದಾಗ ನೀವು ಕೇಳುವವರ ಸಾಲಿನಲ್ಲಿದ್ದಿರಿ. ಮುಗಿದ ಮೇಲೆ ಬಂದು ನನ್ನ ಕೈ ಹಿಡಿದುಕೊಂಡಿರಿ.

“ಭಾಳ ದೊಡ್ಡ ಮನಿಷಾಳಾದಿ ನೋಡವಾ! ನಿನ್ನ ಮಾತು ಕೇಳಿ ನನಗೊಂದು ಸಮಾಧಾನ ಆತು. ಅವತ್ತ ಆ ಹುಡುಗೀನ್ನ ಹೊರಗ ಹಾಕಿದ್ದು ಜರಾ ಜಾಸ್ತಿ ಆತೇನೋ ಅಂತ ಚುಚ್ಚಕೋತನ ಇತ್ತು. ಇವತ್ತ ಹಗುರಾತು.”

“ಈಗ ಏನ್ ಮಾಡಾಕತ್ತಾಳ್ರಿ ಅಕಿ?”

“ಕಾಲೇಜಿಗೆ ಹೊಂಟಾಳ. ಲೆಕ್ಕ ಇಲ್ಲದ ವಿಷಯಾ ಯಾವುದೈತಿ ಅಂತ ಕೇಳಿ ಕೇಳಿ ತಗೊಂಡಾಳಂತ. ಬಾ, ಮಿರ್ಚಿ ತಿನ್ನೂಣು. ಒಣಾ ಮಾತ್ಲೆ ಹೊಟ್ಟಿ ತುಂಬತೈತೇನು?”

ಬಂದೆ. ನಿಮ್ಮ ಜೊತೆ ನಿಂತು ಮಿರ್ಚಿ ತಿಂದೆ. ನೀವೇ ಬಸ್ಸಿನವರೆಗೂ ಬಂದು ಹತ್ತಿಸಿದಿರಿ. ಹೇಳಲಿಲ್ಲ.

ಹೇಳಿದರೆ ನಿಮಗೆ ಹಗುರಾದದ್ದನ್ನು ಮತ್ತೆ ಹೊರಿಸಿದಂತೆ, ಸುಮ್ಮನಿರುವುದೇ ನಿಮ್ಮ ಮೇಲಿನ ಗೌರವ — ಈ ವಾದವನ್ನು ಆವತ್ತಿನಿಂದ ನನ್ನೊಳಗೇ ಮಾಡಿಕೊಂಡು ಬಂದೆ. ಚೆನ್ನಾಗಿಯೇ ಇತ್ತು ವಾದ. ಆದರೆ ಅದರಲ್ಲಿ ಎಲ್ಲಿ ಹುಡುಕಿದರೂ ಮುಬೀನಾ ಇರಲಿಲ್ಲ. ನೀವು ಇದ್ದಿರಿ, ನಾನಿದ್ದೆ.

ಅಕ್ಕೋರೆ, ಅವಳು ಕದ್ದಿರಲಿಲ್ಲ. ದೊಡ್ಡವಳೊಬ್ಬಳು ಹೇಳಿದ್ದನ್ನು ಕೇಳಿದಳು. ಕೇಳುವ ಮುಂಚೆ, ಇದು ಸರಿಯೇ ಎಂದು ವಿಚಾರಿಸಿಯೂ ಇದ್ದಳು. ನನ್ನ ಮಾರ್ಗದರ್ಶಕರಿಗೂ ಪ್ರಬಂಧ ಅಚ್ಚುಮಾಡಿದವರಿಗೂ ಇದನ್ನೇ ತಿಳಿಸಿದ್ದೇನೆ. ಅವರು ಏನು ಮಾಡುತ್ತಾರೋ ಗೊತ್ತಿಲ್ಲ. ಆ ಒಂದು ಮಾತು ಬಿದ್ದರೆ ನನ್ನ ಕೆಲಸದಲ್ಲಿ ಏನು ಉಳಿಯುತ್ತದೋ ಅದೂ ಗೊತ್ತಿಲ್ಲ.

ಭಾನುವಾರ ಸವಣೂರಿಗೆ ಬರುತ್ತೇನೆ. ಮೊದಲು ಮುಬೀನಾಳ ಮನೆಗೆ, ಆಮೇಲೆ ನಿಮ್ಮಲ್ಲಿಗೆ. ಕ್ಷಮಿಸು ಎಂದು ಅವಳನ್ನು ಕೇಳುವುದಿಲ್ಲ. ಕೇಳಿದರೆ ಅವಳ ಮೇಲೆ ಇನ್ನೊಂದು ಭಾರ. ನಡೆದದ್ದನ್ನು ಅವಳ ಅಪ್ಪ ಅವ್ವನ ಎದುರಿಗೇ ಹೇಳುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಏನೂ ಅನ್ನದೆ ಕುಳಿತರೆ ನಾನೂ ಕುಳಿತಿರುತ್ತೇನೆ.