ಹನ್ನೊಂದನೆಯ ಹೆಂಗಸು

ಮನುಷ್ಯರ ನೆನಪನ್ನು ನಾನು ಸಾಕ್ಷಿಯೆಂದು ಒಪ್ಪಿದವನಲ್ಲ. ಕೊಚ್ಚಿಯ ಪಕ್ಕದ ಕಳಮಶ್ಶೇರಿಯಲ್ಲಿ ಇಪ್ಪತ್ತು ವರ್ಷ ಸಂಖ್ಯಾಶಾಸ್ತ್ರ ಕಲಿಸಿದವನು ನಾನು. ಯಾರಾದರೂ ವಿಚಿತ್ರ ಕಂಡೆ ಎಂದರೆ, ಹಿಂದಿನ ರಾತ್ರಿ ನಿದ್ದೆ ಬಂದಿತ್ತೇ ಎಂದು ಕೇಳುತ್ತಿದ್ದೆ. ಈಗ ಹೇಳಹೊರಟಿರುವುದನ್ನು ಬೇರೆ ಯಾರೇ ಹೇಳಿದ್ದರೂ ಅದನ್ನೇ ಕೇಳುತ್ತಿದ್ದೆ. ಆ ದಿನ ನನಗೂ ನಿದ್ದೆ ಸಾಲದಾಗಿತ್ತು. ವಾರವಿಡೀ ಉತ್ತರಪತ್ರಿಕೆ ತಿದ್ದಿ ಕಣ್ಣು ಉರಿಯುತ್ತಿತ್ತು.

ಕೊಚ್ಚಿಯ ಹಳೆಯ ಗೋದಾಮೊಂದರಲ್ಲಿ ಚಿತ್ರಪ್ರದರ್ಶನ ನಡೆಸುವ ಸ್ನೇಹಿತ, ಕೆಲಸಕ್ಕೆ ಜನ ಸಾಲದೆ ನನ್ನನ್ನು ಕರೆದಿದ್ದ. ಶತಮಾನದ ಹಿಂದಿನ ಸ್ಪೇನಿನ ಒಬ್ಬ ಕ್ಯಾಟಲಾನ್ ಚಿತ್ರಕಾರ ಬರೆದ ಹೆಂಗಸರ ಚಿತ್ರಗಳ ದೊಡ್ಡ ಮುದ್ರಿತ ಪ್ರತಿಗಳು ಬಂದಿದ್ದವು. ಪೆಟ್ಟಿಗೆಯಿಂದ ತೆಗೆಯುವಾಗಲೇ ಗೀರು, ಕಲೆ, ಹರಿದದ್ದು ಎಂದು ಒಂದೊಂದರ ಸ್ಥಿತಿಯನ್ನೂ ಒಂದೊಂದು ಹಾಳೆಯಲ್ಲಿ ಬರೆದಿಡಬೇಕು. ಒಬ್ಬರು ಟಾರ್ಚ್ ಹಿಡಿದು ನೋಡುತ್ತ ಹೇಳುವುದು, ಇನ್ನೊಬ್ಬರು ತಲೆ ಎತ್ತದೆ ಬರೆಯುವುದು. ನೋಡುವವನು ನಾನು. ಬರೆಯುವವರು ಅಲ್ಲಿಯ ಉದ್ಯೋಗಿ ಶೈನಿ; ಮಲಯಾಳದ ರೂಢಿಯಂತೆ ಎಲ್ಲರಿಗೂ ಚೇಚಿ, ಅಂದರೆ ಅಕ್ಕ.

ಟೋಪಿಯವಳು, ಸಿಗಾರ್ ಹಿಡಿದವಳು, ಕಾಫಿ ಅಂಗಡಿಯಲ್ಲಿ ಒಬ್ಬಳೇ ಕೂತವಳು. ಎಲ್ಲರೂ ದಣಿದವರಂತೆಯೇ ಕಂಡರು. ಹನ್ನೊಂದನೆಯವಳು ಬಿಳಿ ಉಡುಪಿನಲ್ಲಿ ಬೆತ್ತದ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ್ದಳು. ಎಡಗೈಯ ಹೆಬ್ಬೆರಳನ್ನು ಮುಷ್ಟಿಯೊಳಗೆ ಅಡಗಿಸಿಕೊಂಡಿದ್ದಳು. ಅದನ್ನೂ ಹೇಳಿದೆ.

"ಸಾರೇ, ಹೆಬ್ಬೆರಳು ಮಡಚಿದ್ದನ್ನು ಎಲ್ಲಿ ಸೇರಿಸಲಿ? ಹರಿದದ್ದರಲ್ಲೋ, ಕಲೆಯಲ್ಲೋ?" ಎಂದು ಚೇಚಿ ನಕ್ಕರು. ಆದರೂ ಬರೆದುಕೊಂಡರು.

ಸಂಜೆ ಕಳುಹಿಸಿದವರ ಪಟ್ಟಿ ತೆರೆದೆವು. ಹತ್ತೇ ಚಿತ್ರ. ಗೋಡೆಗೆ ಒರಗಿಸಿದ್ದೂ ಹತ್ತು. ಹಾಳೆ ಮಾತ್ರ ಹನ್ನೊಂದು.

"ನೀವು ಹೇಳಿದ್ದನ್ನು ಬರೆದೆ ಸಾರೇ. ನಾನೆಲ್ಲಿ ನೋಡಿದೆ?" ಎಂದರು ಚೇಚಿ. ಪೆಟ್ಟಿಗೆ ಬೋರಲು ಹಾಕಿ ಹುಡುಕಿದೆವು. ಸಿಗಲಿಲ್ಲ.

ಮುಂದಿನ ವಾರ ತಿರುವನಂತಪುರದಲ್ಲಿರುವ ನನ್ನ ಅಕ್ಕನ ಮನೆಗೆ ಹೋದಾಗ ಇದನ್ನು ತಮಾಷೆಗೆಂದು ಹೇಳಿದೆ. ಕಾಸರಗೋಡಿನ ಮನೆಯಲ್ಲಿ ಅಮ್ಮ ತೀರಿಕೊಂಡಾಗ ನನಗೆ ಮೂರು ವರ್ಷ, ಅಕ್ಕನಿಗೆ ಒಂಬತ್ತು. ಅಮ್ಮನ ಒಂದು ಫೋಟೋ ಕೂಡ ಇಲ್ಲ. ನನಗೆ ಅವಳ ನೆನಪೇ ಇಲ್ಲವೆಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ.

ಅಕ್ಕ ಗ್ಯಾಸ್ ಆರಿಸಿ ಬಂದಳು. "ಬೆರಳು ಹೇಗೆ ಅಂದಿ? ತೋರಿಸು."

ಮಡಚಿ ತೋರಿಸಿದೆ.

"ಅಮ್ಮ ಹಾಗೇ ಮಲಗ್ತಾ ಇದ್ದದ್ದು. ನಾನು ಬಿಡಿಸಿದ್ರೆ ಪುನಃ ಮಡಚುವುದು. ನಿಂಗೆ ಯಾರು ಹೇಳಿದ್ದು?"

"ನೀನೇ ಯಾವಾಗಲೋ ಹೇಳಿರಬೇಕು."

"ನಿನ್ನ ಭಾವನ ಹತ್ರವೂ ಹೇಳಿದ್ದಿಲ್ಲ ಮಾರಾಯ."

ಮೂರು ವರ್ಷದ ಮಗುವಿನ ಮನಸ್ಸಿನಲ್ಲೂ ಏನಾದರೂ ಉಳಿದಿರಬಹುದು, ದಣಿದಾಗ ಮೇಲೆ ಬರಬಹುದು ಎಂದೆಲ್ಲ ವಿವರಿಸತೊಡಗಿದೆ. ಅಕ್ಕ ಕೇಳಿಸಿಕೊಳ್ಳಲಿಲ್ಲ.

"ಅದೆಲ್ಲ ಬಿಡು. ಮುಖ ಹೇಗಿತ್ತು? ನಂಗೆ ಈಗ ಕೈ ಮಾತ್ರ ನೆನಪು ಉಂಟು."

ನನಗೆ ಮುಖ ನೆನಪಾಗಲಿಲ್ಲ. ಹನ್ನೊಂದನೆಯ ಹಾಳೆಯ ಫೋಟೋ ಫೋನಿನಲ್ಲಿತ್ತು. ಮುಖದ ಬಗ್ಗೆ ಇದ್ದದ್ದು ಒಂದೇ ಸಾಲು. ಓದಿದೆ: "ಗೀರಿಲ್ಲ, ಕಲೆಯಿಲ್ಲ."

"ಮತ್ತೆ?" ಎಂದಳು ಅಕ್ಕ.

ಆ ಚಿತ್ರಕಾರನ ಬಗ್ಗೆ ಸಿಕ್ಕಿದ ಪುಸ್ತಕಗಳನ್ನೆಲ್ಲ ಆಮೇಲೆ ತಿರುವಿ ಹಾಕಿದ್ದೇನೆ. ಬೆತ್ತದ ಕುರ್ಚಿಯ ಆ ಹೆಂಗಸು ಎಲ್ಲಿಯೂ ಇಲ್ಲ. ಚಿತ್ರವಿತ್ತೋ ಇಲ್ಲವೋ, ನನ್ನೊಂದಿಗೆ ನಾನೇ ವಾದಿಸಿ ಸಾಕಾಗಿದೆ. ಇತ್ತು ಎಂದಾದರೆ, ಆ ಮುಖದ ಮೇಲೆ ಎರಡು ನಿಮಿಷ ಟಾರ್ಚ್ ಹಿಡಿದೂ ನಾನು ಹುಡುಕಿದ್ದು ಗೀರನ್ನು ಮಾತ್ರ.