ಬೇರೆ ಮನೆಗೆ ಹೋದ ಅಳು

ನನ್ನ ವಾರಗಿತ್ತಿಯ ಕತ್ತಿನ ಎಡಕ್ಕೆ ಒಂದು ನರ ಇತ್ತು. ಸುಮ್ಮನೆ ಕೂತಾಗ ಕಾಣುತ್ತಿರಲಿಲ್ಲ. ಹೆಣದ ಮುಂದೆ ಕೂತು ಬಾಯಿ ತೆಗೆದಳೋ, ಕಿವಿಯ ಕೆಳಗಿಂದ ಎದೆಯವರೆಗೆ ಹಗ್ಗದ ಹಾಗೆ ಎದ್ದು ನಿಲ್ಲೋದು. ಮಕ್ಕಳು ಅದನ್ನ ನೋಡಿ ಓಡೋವು. ಮದುವೆಯಾಗಿ ಬಂದ ಹೊಸದರಲ್ಲಿ ನಾನೂ ಹೆದರಿದ್ದೆ.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ಚಾಮರಾಜಪೇಟೆಯ ಹಿಂದಿನ ಗಲ್ಲಿಯಲ್ಲಿ ನಡುವೆ ಒಂದೇ ಗೋಡೆ, ಆ ಕಡೆ ಅವಳ ಮನೆ, ಈ ಕಡೆ ನಂದು. ಇಬ್ಬರೂ ಮಾರ್ಕೆಟ್ಟಿಂದ ಬಿಡಿ ಹೂ ತಂದು ಕಟ್ಟಿ ಮಾರೋರು. ಮಧ್ಯಾಹ್ನ ನಾನು ಬಸವನಗುಡಿಯ ಒಂದು ಮನೆಯಲ್ಲಿ ಪಾತ್ರೆಯನ್ನೂ ತೊಳೀತಿದ್ದೆ. ನಮ್ಮಿಬ್ಬರಿಗೆ ಅಷ್ಟಕ್ಕಷ್ಟೆ.

"ಏನಮ್ಮೀ, ಈ ಹಾರ ದೇವರಿಗೋ ಎಮ್ಮೆಗೋ? ಹೂವಿಗಿಂತ ದಾರವೇ ಜಾಸ್ತಿ ಇದೆ" ಅನ್ನೋಳು.

"ನಿನ್ನ ಮೊಳ ಗಿಡ್ಡ ಇದೆಯಲ್ಲಕ್ಕ, ಅದನ್ನ ನೋಡ್ಕೋ ಮೊದಲು" ಅಂತ ನಾನೂ ಬಿಡ್ತಿರಲಿಲ್ಲ.

ಸಾರಿಗೆ ಉಪ್ಪು ಸುರಿಯೋಳು. ನಗು ಕಡಿಮೆ. ಯಾರ ಮಗುವನ್ನಾದರೂ ಎತ್ತಿ ಮುದ್ದು ಮಾಡಿದ್ದು ನಾನು ನೋಡಿಲ್ಲ. ಆದರೆ ಸಾವಿನ ಮನೆಗೆ ಅವಳೇ ಬೇಕು. ಹೆಸರು ಹಿಡಿದು ಅಳೋದು ಅಂತ ನಮ್ಮಲ್ಲಿ ಇದೆ. ಸುಮ್ಮನೆ ಅಯ್ಯೋ ಅಮ್ಮಾ ಅನ್ನೋದಲ್ಲ. ಸತ್ತವರ ಹೆಸರು, ಊರು, ತಿನ್ನೋಕೆ ಏನಿಷ್ಟ ಅನ್ನೋದನ್ನೆಲ್ಲ ರಾಗ ಎಳೆದು ಹೇಳಬೇಕು. ಆ ಕೂಗು ಹಿಡಕೊಂಡೇ ಸತ್ತವರು ತಮ್ಮ ದಾರಿ ಹೋಗೋದಂತೆ. ಮುಗಿದ ಮೇಲೆ ಬಾಯಿ ಮುಕ್ಕಳಿಸಿ ಉಗಿದು, ಹಿಂದೆ ತಿರುಗದೆ ಬರಬೇಕು. ಒಬ್ಬರಿಗೆ ಒಂದೇ ಸಲ. ಎರಡನೇ ಸಲ ಕೂಗಿದರೆ ಕೂಗಿದವಳ ಗಂಟಲೇ ಹೋಗುತ್ತೆ ಅಂತ ಅವಳ ಅವ್ವ ಹೇಳಿಕೊಟ್ಟಿದ್ದಳಂತೆ. ನಾನು ಇದನ್ನೆಲ್ಲ ನಂಬಿದವಳಲ್ಲ. ನಡೆದದ್ದು ಬರೀತೀನಿ, ಅಷ್ಟೆ.

ಆ ವರ್ಷ ಮಳೆ ಬಿಡದೆ ಹುಯ್ತು. ಗಲ್ಲಿಯ ಕೊನೆಯಲ್ಲಿ ಯಾರೋ ದೊಡ್ಡ ಕಟ್ಟಡಕ್ಕೆ ಪಾಯ ಅಗೆಸಿದ್ದರು. ಒಂದು ಬೆಳಿಗ್ಗೆ ಅದರ ಕಾಂಪೌಂಡ್ ಗೋಡೆ ಕುಸೀತು. ಗೋಡೆಗೆ ಒರಗಿ ಹೂ ಕಟ್ಟುತ್ತಿದ್ದ ಮುನಿತಾಯಮ್ಮ, ಅವಳ ಮಗಳು ಯಶೋದ, ಇಬ್ಬರೂ ಅದರ ಅಡಿಗೆ ಹೋದರು. ಯಶೋದಂಗೆ ಗಂಡು ಗೊತ್ತಾಗಿತ್ತು.

ಕಲ್ಲು ಸರಿಸಿ ಇಬ್ಬರನ್ನೂ ಮಲಗಿಸಿದಾಗ ಟಿವಿಯವರು ಬಂದರು. ಮೈಕ್ ಹಿಡಿದ ಒಬ್ಬ ಹುಡುಗಿ, ಕ್ಯಾಮರಾ ಹೊತ್ತ ಒಬ್ಬ. ಅಷ್ಟರಲ್ಲಿ ವಾರಗಿತ್ತಿ ಶುರು ಮಾಡಿದ್ದಳು.

"ಮುನಿತಾಯೀ, ಮಾಗಡಿ ಕಡೆಯೋಳೇ, ಹುರುಳಿಕಾಳು ಬಸ್ಸಾರು ಅಂದ್ರೆ ಪ್ರಾಣ ಬಿಡ್ತಿದ್ದೋಳೇ, ಮಗಳನ್ನ ಗಂಡನ ಮನೆಗೆ ಕಳಿಸು ಅಂದ್ರೆ ನಿನ್ ಜೊತೆಗೇ ಎಳ್ಕೊಂಡ್ಯಲ್ಲೇ..."

ಕ್ಯಾಮರಾದವನು ಅವಳ ಮುಖದ ಹತ್ತಿರಕ್ಕೇ ಕ್ಯಾಮರಾ ತಂದು ಎಲ್ಲ ಹಿಡಿದ. ಆಗ ಹುಡುಗಿಗೆ ಫೋನ್ ಬಂತು. "ಮರ ಬಿತ್ತಾ? ಕಾರ್ ಮೇಲಾ? ಬಸವನಗುಡೀಲಾ?" ಅಂದಳು. "ಗುರು, ನಡಿ ನಡಿ, ಇಲ್ಲಿ ಸಾಕು" ಅಂತ ಅವನನ್ನ ಎಳಕೊಂಡು ಹೋದಳು. ಸತ್ತವರ ಹೆಸರೇನು ಅಂತ ಕೇಳಲಿಲ್ಲ.

ಬಸವನಗುಡಿಯಲ್ಲಿ ಕಾರಿನ ಮೇಲೆ ಮರ ಬಿದ್ದು ಗಂಡ ಹೆಂಡತಿ ಸತ್ತಿದ್ದರು. ಹೊಸ ಮದುವೆ. ಅವರೂ ಹೆತ್ತವರ ಮಕ್ಕಳೇ, ಇಲ್ಲ ಅನ್ನಲ್ಲ.

ಸಂಜೆ ಗಂಡಸರು ಮಣ್ಣು ಮಾಡಿ ಬಂದ ಮೇಲೆ ನಾವಿಬ್ಬರೂ ಹಾಲು ತರೋಕೆ ಟೀ ಅಂಗಡಿಗೆ ಹೋದೆವು. ಗೋಡೆ ಮೇಲೆ ಟಿವಿ. ಆ ಜೋಡಿಯ ಮದುವೆ ವಿಡಿಯೋ, ಜಜ್ಜಿದ ಕಾರು, ಗೇಟಿನ ಮುಂದೆ ಮೇಣದಬತ್ತಿ ಹಚ್ಚುವ ಜನ, ಕೈಮುಗಿದ ಮಂತ್ರಿ. ನಮ್ಮವರದ್ದು ಕೆಳಗೆ ಓಡೋ ಸಾಲಲ್ಲಿ ಬಂತು: ಗೋಡೆ ಕುಸಿದು ಇಬ್ಬರು ಸಾವು. ಬಂತು, ಹೋಯ್ತು. ಮೇಣದಬತ್ತಿಯ ಹಿಂದೆ ಯಾರೋ ಅಳುವ ಸದ್ದು. ಹೆಸರಿಲ್ಲ, ಮಾತಿಲ್ಲ. ಬರೀ ಎಳೆತ. ಅದಕ್ಕೆ ಪಿಟೀಲು ಬೇರೆ ಸೇರಿಸಿದ್ದರು.

ಬಾಯಿ ಮುಚ್ಚಿ ನನ್ನ ಪಕ್ಕ ನಿಂತಿದ್ದವಳ ದನಿ, ಅಲ್ಲಿ ಗೋಡೆ ಮೇಲೆ ಅಳ್ತಾ ಇತ್ತು.

"ಹುಡುಗನ ತಾಯಿ ಇರಬೇಕು, ಹೊಟ್ಟೆ ಕಿತ್ತು ಬರುತ್ತೆ" ಅಂದ ಅಂಗಡಿಯವನು.

"ಅದು ನಂದು ಕಣಯ್ಯ" ಅಂದಳು ಇವಳು.

ಅವನು ನಕ್ಕ. ಅವಳು ಹಾಲು ತಗೊಳ್ಳದೆ ಈಚೆ ಬಂದಳು.

"ಕೂಗು ಅಲ್ಲಿಗೆ ಹೋಯ್ತು ಅಮ್ಮೀ. ತಾಯಿ ಮಗಳು ಅದರ ಹಿಂದೇನೇ ಹೋಗಿರ್ತಾರೆ. ಗುರುತಿಲ್ಲದ ಮನೇಲಿ ಏನ್ಮಾಡ್ತಾರೆ?"

"ತಲೆ ಕೆಟ್ಟಿದ್ಯಾ ಅಕ್ಕ? ಸತ್ತೋರು ಟಿವಿ ನೋಡ್ತಾರಾ?"

"ನೋಡಲ್ಲ. ಕೇಳಿಸ್ಕೋತಾರೆ."

ಮಾರನೇ ದಿನ ಪಾತ್ರೆಗೆ ಹೋದರೆ ಆ ಮನೆಯಮ್ಮ ಕಣ್ಣು ಒರೆಸಿಕೊಂಡು, "ನಿದ್ದೇನೇ ಇಲ್ಲ ಕಣೇ, ಪಾಪ, ನಮ್ಮ ಬೀದಿ ಮಕ್ಕಳು" ಅಂದರು. ಆಮೇಲೆ, "ನಿಮ್ಮ ಕಡೆನೂ ಏನೋ ಗೋಡೆ ಬಿತ್ತಂತೆ? ನೀನು ಬರ್ತೀಯೋ ಇಲ್ವೋ ಅಂತ ಯೋಚನೆ ಆಗಿತ್ತು" ಅಂದರು. ಕೆಟ್ಟ ಹೆಂಗಸಲ್ಲ. ಟಿವಿ ಯಾರಿಗೆ ಅಳು ಅಂದಿತೋ ಅವರಿಗೆ ಅತ್ತರು. ನಮ್ಮ ಗಲ್ಲಿಗೂ ಆಫೀಸಿನವರು ಬಂದರು, ಗೋಡೆ ಪಕ್ಕ ಕೂರೋಕೆ ಸತ್ತವರಿಗೆ ಯಾರು ಹೇಳಿದ್ದು ಅಂತ ಕೇಳೋಕೆ.

ವಾರಗಿತ್ತಿ ಅನ್ನ ಬಿಟ್ಟಳು. ಒಂದು ಮಧ್ಯಾಹ್ನ ಚೊಂಬಲ್ಲಿ ನೀರು, ಅದರ ಮೇಲೆ ಬೇವಿನ ಸೊಪ್ಪು ಇಟ್ಟುಕೊಂಡು ನನ್ನ ಬಾಗಿಲಲ್ಲಿ ನಿಂತಳು. "ನಡಿ, ಆ ಸತ್ತ ಜೋಡಿ ಮನೆ ತೋರಿಸು."

"ಒಂದು ಸಲ ಅತ್ತಾಗಿದೆ. ಇನ್ನೊಂದು ಸಲ ಅತ್ತರೆ ಗಂಟಲು ಹೋಗುತ್ತೆ ಅಂತ ನೀನೇ ಹೇಳಿದ್ದಲ್ವಾ?"

"ಹೋದ್ರೆ ಹೋಗ್ಲಿ. ನಿನ್ ಜೊತೆ ಜಗಳಕ್ಕೆ ಕೈ ಸಾಕು."

ಆ ಮನೆ ಗೇಟಿನ ಮುಂದೆ ಹಾರಗಳು ಕೊಳೀತಾ ಬಿದ್ದಿದ್ದವು. ಕಲ್ಲಿನ ಮೇಲೆಲ್ಲ ಮೇಣ. ಬಿಸಿಲಿತ್ತು, ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಯಾರೋ ನೆಂಟರವನು ಬಂದು, "ಕೆಲಸಕ್ಕಾ? ಹಿಂದಿನ ಗೇಟಿಗೆ ಬನ್ನಿ" ಅಂದ.

"ಕೆಲಸಕ್ಕಲ್ಲ ಸ್ವಾಮಿ. ನಮ್ಮೋರಿಬ್ಬರು ನಿಮ್ಮನೆಗೆ ಬಂದು ಸೇರ್ಕೊಂಡವ್ರೆ. ಕರ್ಕೊಂಡು ಹೋಗ್ತೀವಿ."

"ಇಲ್ಲಿ ಯಾರೂ ಬಂದಿಲ್ಲಮ್ಮ, ಹೋಗಿ."

ಅವನ ಹಿಂದಿನಿಂದ ಸತ್ತ ಹುಡುಗನ ತಾಯಿ ಬಂದರು. ತಲೆ ಬಾಚಿರಲಿಲ್ಲ. ನಮ್ಮಿಬ್ಬರನ್ನ ನೋಡಿ, ಮೆಲ್ಲಗೆ, "ಯಾರು, ತಾಯಿ ಮಗಳಾ?" ಅಂದರು.

ಬಂದು ಸೇರಿಕೊಂಡೋರು ತಾಯಿ ಮಗಳು ಅಂತ ನಾವು ಹೇಳಿರಲಿಲ್ಲ.

"ಮೆಟ್ಟಿಲ ಮೇಲೇ ಕೂತಿರ್ತಾರೆ. ಒಳಗೆ ಬನ್ನಿ ಅಂದ್ರೆ ಬರೋಲ್ಲ" ಅಂದರು.

ಮಗನನ್ನ ಕಳಕೊಂಡ ಜೀವ, ಡಾಕ್ಟರು ಏನು ಮಾತ್ರೆ ಕೊಟ್ಟಿದ್ದರೋ. ನಾನು ಮೆಟ್ಟಿಲು ನೋಡಿದೆ. ಬರೀ ಮೆಟ್ಟಿಲು. ವಾರಗಿತ್ತಿ ಮಾತ್ರ ಗುರುತಿನವರ ಎದುರು ಕೂರೋ ಹಾಗೆ ಅದರ ಎದುರು ನೆಲದ ಮೇಲೆ ಕೂತಳು. ಮುನಿತಾಯೀ ಅಂದಳು. ಯಶೋದಾ ಅಂದಳು. ಬೀದಿಯ ಕಿಟಕಿಗಳು ಒಂದೊಂದೇ ತೆರಕೊಂಡವು. ನಾನು ಪಾತ್ರೆ ತೊಳೆಯೋ ಮನೆಯಮ್ಮ ತಮ್ಮ ಗೇಟಲ್ಲಿ ನಿಂತು, ನನ್ನನ್ನ ಮೊದಲ ಸಲ ಕಂಡ ಹಾಗೆ ನೋಡಿದರು. ಆ ತಾಯಿ ಕಂಬ ಹಿಡಕೊಂಡು ಕೇಳಿದರು. ಕೊನೆಗೆ, "ನನ್ನ ಮಗನಿಗೆ ಹೀಗೆ ಯಾರೂ ಅಳಲಿಲ್ಲ" ಅಂದರು. ಹುಡುಗನ ಹೆಸರೇನು ಅಂತ ಇವಳು ಕೇಳಿದಳು. ಅವರು ಹೇಳಿದರು. ಅವನಿಗೂ ಒಂದು ಎಳೆ ಕೂಗಿದಳು. ನನಗೆ ಅದು ಸರಿಬರಲಿಲ್ಲ. ಅವನಿಗೆ ಇಡೀ ಊರೇ ಅತ್ತಿತ್ತು.

"ನೀನು ಮುಂದೆ ನಡಿ, ಹಿಂದೆ ನೋಡಬೇಡ" ಅಂತ ಚೊಂಬು ಎತ್ತಿಕೊಂಡಳು. ಹೊರಟೆವು. ಬಸವನಗುಡಿ ದಾಟೋ ಹೊತ್ತಿಗೆ ಒಂದು ಆಟೋ ಪಕ್ಕಕ್ಕೆ ಬಂದು ನಿಂತಿತು. ಕಾಲು ನೋಯ್ತಿತ್ತು, ಚಾಮರಾಜಪೇಟೆಗೆ ಬರ್ತೀಯೇನಪ್ಪ ಅಂತ ಕೇಳಿದೆ. ಅವನು ನಮ್ಮ ಹಿಂದಕ್ಕೆ ನೋಡಿದ.

"ನಾಲ್ಕು ಜನ ಆಗಲ್ಲಮ್ಮ, ಪೊಲೀಸ್ ಹಿಡೀತಾನೆ" ಅಂದು ಹೋಗಿಬಿಟ್ಟ.

ಫುಟ್‌ಪಾತಲ್ಲಿ ಬೇರೆ ಯಾರಾದರೂ ಬರ್ತಾ ಇದ್ದಿರಬಹುದು. ನಾನು ತಿರುಗಿ ನೋಡಲಿಲ್ಲ. ನಡೆದೇ ಬಂದೆವು.

ಗಲ್ಲಿಯ ಬಾಯಲ್ಲಿ ಅವಳು ಮುಕ್ಕಳಿಸಿ ಉಗಿದಳು. "ಹೋದರು" ಅಂದಳು. ಅದೇ ಅವಳ ಕೊನೆಯ ಗಟ್ಟಿ ಮಾತು. ಆಮೇಲೆ ಬಂದಿದ್ದೆಲ್ಲ ಉಸಿರು. ಆಸ್ಪತ್ರೆಯಲ್ಲಿ ಏನೋ ಗಂಟು ಅಂದರು. ಎಷ್ಟೋ ವರ್ಷ, ಹೂ ಮಾರುವಾಗ ಅವಳ ಬದಲು ನಾನೇ ಕೂಗುತ್ತಿದ್ದೆ. ಕೂಗು ಸರಿಯಿಲ್ಲ ಅಂತ ಕೈಸನ್ನೆಯಲ್ಲೇ ಬೈಯೋಳು.

ಹೋದ ಆಷಾಢದಲ್ಲಿ ಸತ್ತಳು. ಹೆಸರು ಹಿಡಿದು ಅಳೋಕೆ ಗೊತ್ತಿದ್ದೋರು ಗಲ್ಲಿಯಲ್ಲಿ ಯಾರೂ ಉಳಿದಿರಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ನಂದು ತಗಡು ಎಳೆದ ದನಿ. ಆದರೂ ಕೂತೆ. ಪಕ್ಕದ ಮನೆ ಸೊಸೆ ಫೋನು ಎತ್ತಿ ಹಿಡಿದಳು.

"ಇಳಿಸೇ ಅದನ್ನ."

"ನೆನಪಿಗಿರಲಿ ಅಂತ ಅಜ್ಜಿ."

"ನೆನಪು ಬೇಕಾದ್ರೆ ಇಲ್ಲಿ ಬಂದು ಕೂತ್ಕೊಂಡು ಕೇಳು."

ಅವಳು ಬಂದು ಕೂರೋವರೆಗೂ ಬಾಯಿ ತೆಗೆಯಲಿಲ್ಲ. ಅಕ್ಕ ಅಂದಿದ್ದೇ ಹೊರತು ಬದುಕಿದ್ದಾಗ ವಾರಗಿತ್ತಿಯ ಹೆಸರು ಹಿಡಿದವಳಲ್ಲ ನಾನು. ಅವತ್ತು ಹಿಡಿದೆ. ಊರು ಹೇಳಿದೆ, ಉಪ್ಪು ಹೇಳಿದೆ. ಜಗಳ ಯಾರ ಜೊತೆ ಅನ್ನೋದು ಬಂದಾಗ ನನ್ನ ಹೆಸರನ್ನೇ ಕೂಗಿದೆ. ಹೆಣದ ಮುಂದೆ ಬದುಕಿರೋರ ಹೆಸರು ಕೂಗಬಾರದು, ಅವರೂ ಹಿಂದೇನೇ ಹೋಗ್ತಾರೆ ಅಂತ ಯಾರೋ ಹಿಂದಿನಿಂದ ಅಂದರು. ಕೂಗಿ ಆಗಿತ್ತು.