ಹೆಣ್ಣು ನೋಡಲು ಬಂದವನ ಗೇರ್ ಎಣ್ಣೆ

ಗೆಳತಿಯರೇ, ಇವತ್ತು ನಮ್ಮ ನಡುಮನೆಯಲ್ಲಿ ಇಂಥ ಮಾತು ಕೇಳುತ್ತೇನೆಂದು ಎಣಿಸಿರಲಿಲ್ಲ. ಮಗಳಿಗೆ ನಾನೇ ಹುಡುಕಿದ ಸಂಬಂಧ. ಹುಡುಗ ಕೆಂಗೇರಿಯಿಂದ ಮೋಟಾರ್ ಸೈಕಲ್ಲಿನಲ್ಲಿ ತಾಯಿಯನ್ನು ಕೂರಿಸಿಕೊಂಡು ರಾಜಾಜಿನಗರಕ್ಕೆ ಬಂದಿದ್ದ.

"ಏನಾದ್ರೂ ಕೇಳ್ಬೇಕೇನಮ್ಮ?" ಎಂದರು ಹುಡುಗನ ತಾಯಿ.

ನನ್ನ ಮಗಳು ತಲೆಯೆತ್ತಿ ಹುಡುಗನನ್ನೇ ಕೇಳಿದಳು: "ಗೇರ್ ಎಣ್ಣೆ ಯಾವಾಗ ಬದಲಾಯಿಸಿದ್ರಿ? ಬರುವಾಗ ಗರಗರ ಅಂತಿತ್ತು."



ಹುಡುಗ ನಕ್ಕ. "ಗೇರಿಗೆ ಬೇರೆ ಎಣ್ಣೆ ಇದ್ಯಾ?"

"ಎಂಜಿನ್ನಿಗೆ ಎರಡು ಸಾವಿರ ಮೈಲಿಗೊಮ್ಮೆ, ಗೇರಿಗೆ ಐದು ಸಾವಿರಕ್ಕೊಮ್ಮೆ. ಅಪ್ಪನ ಗಾಡಿಗೆ ನಾನೇ ಹಾಕೋದು."

"ಹುಡುಗಿ ಬಾಯಿ ಜೋರು" ಎಂದು ಅವನ ತಾಯಿ ಎದ್ದೇಬಿಟ್ಟರು. ಗಾಡಿ ಬೀದಿಯ ಕೊನೆಯವರೆಗೂ ಹೋಗಲಿಲ್ಲ. ಗೇರು ಬೀಳದೆ ನಿಂತ ಅದನ್ನು ಹುಡುಗ ತಳ್ಳಿದ, ತಾಯಿ ಹಿಂದೆ ನಡೆದರು.

ಮಗಳನ್ನು ಬೈಯಲು ಬಾಯಿ ತೆರೆದವಳು ನಕ್ಕುಬಿಟ್ಟೆ. ಹೆಣ್ಣು ನೋಡಲು ಹೊರಟವನು ಮೊದಲು ಎಣ್ಣೆ ನೋಡಿಕೊಳ್ಳಬೇಕಿತ್ತು.